ದೋಣಿಗೆ ಬ್ರೇಕ್ ಇಲ್ಲ: ಕಡಲಲ್ಲಿ ಸಣ್ಣ ದೋಣಿ ನಡೆಸಲು ಕಲಿಯುವವರಿಗೆ

ನಾನು ದೋಣಿ ನಡೆಸಲು ಕಲಿತದ್ದು ಗಂಗೊಳ್ಳಿಯ ಹಿನ್ನೀರಿನಲ್ಲಿ, ಮಾವನ ಫೈಬರ್ ದೋಣಿಯಲ್ಲಿ. 20 ಅಡಿ ಉದ್ದ, ಹಿಂದೆ ಒಂದು ಔಟ್‌ಬೋರ್ಡ್ ಇಂಜಿನ್. ಮೊದಲ ದಿನವೇ ದೋಣಿ ಕಟ್ಟುವ ದಕ್ಕೆಗೆ ಗುದ್ದಿದೆ. ಬೈಕ್ ಓಡಿಸಿ ಪಳಗಿದ ಕೈ, ಕೊನೇ ಗಳಿಗೆಯಲ್ಲಿ ಬ್ರೇಕ್ ಹುಡುಕಿತು. ಬ್ರೇಕ್ ಎಲ್ಲಿಂದ ಬರಬೇಕು? ಮಾವ ಬೈಯಲಿಲ್ಲ. "ಗಡಿಬಿಡಿ ಎಂತಕ್ಕೆ ಮಾರಾಯ, ದಕ್ಕೆ ಎಂತ ಓಡಿ ಹೋತ್ತಾ?" ಎಂದು ಕೇಳಿದರು, ಅಷ್ಟೇ.

ಆಮೇಲೆ ಕಲಿತದ್ದೆಲ್ಲ ಹೆಚ್ಚುಕಡಿಮೆ ಅದೇ ಪಾಠ. ನೆಲದ ಮೇಲೆ ಕೊನೇ ಕ್ಷಣದಲ್ಲಿ ಮಾಡುವ ಕೆಲಸವನ್ನು ನೀರಿನ ಮೇಲೆ ಐದು ನಿಮಿಷ ಮೊದಲೇ ಮಾಡಬೇಕು. ಈ ಬರಹ ಸಣ್ಣ ಮೋಟಾರ್ ದೋಣಿ ಕಲಿಯುವ ಆಸೆ ಇರುವವರಿಗೆ. ಉದಾಹರಣೆಗಳೆಲ್ಲ ನಮ್ಮ ಕರಾವಳಿಯವು. ದೊಡ್ಡ ಹಡಗಿನ ಮಾತು ಬೇಕಾದಲ್ಲಿ ಮಾತ್ರ ಬರುತ್ತದೆ.

ಯಾವಾಗ, ಎಲ್ಲಿ ಶುರು ಮಾಡಬೇಕು

ಮಳೆಗಾಲದಲ್ಲಿ ಬೇಡವೇ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ. ಆದರೆ ಆ ದಿನಗಳ ಕಡಲನ್ನು ಒಮ್ಮೆ ದಡದಲ್ಲಿ ನಿಂತು ನೋಡಿದರೆ ಸಾಕು, ನಿಯಮ ಇಲ್ಲದಿದ್ದರೂ ಇಳಿಯಬಾರದು ಎಂದು ಗೊತ್ತಾಗುತ್ತದೆ. ಕಲಿಯಲು ಒಳ್ಳೆ ಕಾಲ ನವೆಂಬರ್‌ನಿಂದ ಫೆಬ್ರವರಿ.

ಅದರಲ್ಲೂ ಬೆಳಿಗ್ಗೆ ಹೊತ್ತು. ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬರುತ್ತದೆ. ಮಧ್ಯಾಹ್ನ ಕಳೆದರೆ ಕಡಲ ಮೇಲೆ ಬಿಳಿ ನೊರೆ ಕಾಣಿಸುತ್ತದೆ. ಹೊಸಬರು ಅಷ್ಟರೊಳಗೆ ವಾಪಸ್ ಬಂದಿರಬೇಕು.

ಮೊದಲ ಒಂದೆರಡು ತಿಂಗಳು ಹಿನ್ನೀರು ಬಿಟ್ಟು ಹೊರಗೆ ಹೋಗಬೇಡಿ. ಕಡಲಿಗೆ ಹೋಗುವುದಿದ್ದರೆ ಪ್ರಯಾಣಿಕರಾಗಿ ಹೋಗಿ. ದೋಣಿ ನಡೆಸುವ ತಾಂಡೇಲರ ಪಕ್ಕದಲ್ಲಿ ಸುಮ್ನೆ ಕೂತು ಅವರ ಕಣ್ಣು ಎಲ್ಲಿ ಓಡುತ್ತದೆ ಎಂದು ನೋಡಿ. ಕೈ ಏನು ಮಾಡುತ್ತದೆ ಎನ್ನುವುದಕ್ಕಿಂತ ಕಣ್ಣು ಏನು ಮಾಡುತ್ತದೆ ಎನ್ನುವುದರಲ್ಲಿ ಕಲಿಯಲು ಜಾಸ್ತಿ ಇದೆ.

ದೋಣಿಯ ದಾಖಲೆ ಸರಿ ಇದೆಯಾ ಎಂದೂ ಕೇಳಿ. ಮೀನುಗಾರಿಕೆ ದೋಣಿಯಾದರೆ ಮೀನುಗಾರಿಕೆ ಇಲಾಖೆ, ಜನ ಸಾಗಿಸುವ ದೋಣಿಯಾದರೆ ಬಂದರು ಇಲಾಖೆ.

ಹೊರಡುವ ಮುಂಚೆ

ಹಿಂದಿನ ರಾತ್ರಿ ಹವಾಮಾನ ನೋಡಿ. ಭಾರತೀಯ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಒಂದು. ಹೈದರಾಬಾದ್‌ನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಸಮುದ್ರ ಸ್ಥಿತಿಯ ಮುನ್ಸೂಚನೆ ಇನ್ನೊಂದು. ಅದರಲ್ಲಿ ಅಲೆಯ ಎತ್ತರ ಒಂದೂವರೆ ಮೀಟರ್ ಎಂದಿದ್ದರೆ ಎಲ್ಲ ಅಲೆಯೂ ಅಷ್ಟೇ ಎಂದು ತಿಳಿಯಬೇಡಿ. ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳನ್ನು ಮಾತ್ರ ತೆಗೆದುಕೊಂಡು ಹಾಕಿದ ಸರಾಸರಿ ಅದು. ನಡುನಡುವೆ ಒಂದು ಅಲೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಎತ್ತರ ಏಳಬಹುದು. ನಿಮ್ಮ ದೋಣಿ ಎದುರಿಸಬೇಕಾದದ್ದು ಸರಾಸರಿ ಅಲೆಯನ್ನಲ್ಲ, ಆ ಒಂದನ್ನು.

ಭರತ-ಇಳಿತದ ಸಮಯ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಕ್ಯಾಲೆಂಡರ್ ನೋಡದೆ ಹೊರಟವರು ವಾಪಸ್ ಬರುವಾಗ ಮರಳು ದಿಬ್ಬದ ಮೇಲೆ ಕೂತು ನೀರು ಬರಲಿ ಎಂದು ಕಾಯುತ್ತಾರೆ.

ಬೆಳಿಗ್ಗೆ ದೋಣಿ ಹತ್ತಿರ ಹೋದ ಮೇಲೆ ನಾನು ನೋಡುವ ಕ್ರಮ ಹೀಗೆ. ತಳದ ಬಿರಡೆ ಹಾಕಿದೆಯಾ? ನಗಬೇಡಿ, ಇದನ್ನು ಮರೆತು ನೀರಿಗಿಳಿಸಿದವರು ಬೇಕಾದಷ್ಟಿದ್ದಾರೆ. ಪೆಟ್ರೋಲ್ ಎಷ್ಟಿದೆ? ಹೋಗಲು ಮೂರರಲ್ಲಿ ಒಂದು ಪಾಲು, ಬರಲು ಒಂದು ಪಾಲು, ಮೂರನೆಯದು ಮುಟ್ಟಬಾರದ ಪಾಲು. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಅದರ ಪಕ್ಕದಿಂದ ಪಿಚಕಾರಿಯ ಹಾಗೆ ನೀರು ಚಿಮ್ಮುತ್ತಿದೆಯಾ? ಆ ನೀರು ಬಾರದಿದ್ದರೆ ಇಂಜಿನ್ ತಣ್ಣಗಾಗುತ್ತಿಲ್ಲ ಎಂದರ್ಥ, ಆಗಲೇ ನಿಲ್ಲಿಸಿ. ನೀರು ಮೊಗೆಯಲು ಡಬ್ಬ, ಎರಡು ಹುಟ್ಟು, ಲಂಗರು, ಹಗ್ಗ, ಚಾಕು, ಟಾರ್ಚ್, ಸೀಟಿ, ಕುಡಿಯುವ ನೀರು. ಇಷ್ಟು ಇದ್ದೇ ಇರಬೇಕು.

ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಚಿಕ್ಕ ತಿರುಪು ಇರುತ್ತದೆ. ಅದನ್ನು ಸಡಿಲ ಮಾಡಲು ನಾನೊಮ್ಮೆ ಮರೆತಿದ್ದೆ. ಹತ್ತು ನಿಮಿಷ ಇಂಜಿನ್ ಚೆನ್ನಾಗಿ ಓಡಿತು. ಆಮೇಲೆ ಕೆಮ್ಮಿ ನಿಂತಿತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಅಷ್ಟೇ ಕಾರಣ. ಆದರೆ ಅದು ಹೊಳೆದದ್ದು ಕಾಲು ಗಂಟೆ ಸ್ಟಾರ್ಟ್ ಮಾಡುವ ಹಗ್ಗ ಎಳೆದೆಳೆದು ರಟ್ಟೆ ಸೋತ ಮೇಲೆ. ಅಷ್ಟರಲ್ಲಿ ಇಳಿತದ ಸೆಳೆತ ನಮ್ಮನ್ನು ಅಳಿವೆ ಬಾಗಿಲಿನ, ಅಂದರೆ ಹೊಳೆ ಕಡಲು ಸೇರುವ ಬಾಯಿಯ ಕಡೆಗೆ ತೆಗೆದುಕೊಂಡು ಹೋಗುತ್ತಿತ್ತು. ಅವತ್ತು ಕಲಿತ ಇನ್ನೊಂದು ಪಾಠ: ಇಂಜಿನ್ ನಿಂತರೆ ಮೊದಲು ಲಂಗರು ಹಾಕಿ, ರಿಪೇರಿ ಆಮೇಲೆ. ನಾನು ಉಲ್ಟಾ ಮಾಡಿದ್ದೆ.

ಕೊನೆಯದಾಗಿ ಒಂದು ಚೀಟಿ. ಎಷ್ಟು ಜನ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್, ಆ ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಇದನ್ನು ದಡದಲ್ಲಿರುವ ಒಬ್ಬರ ಕೈಗೆ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಿದರೂ ಆಯಿತು.

ಜಾಕೆಟ್ ಮತ್ತು ಭಾರ

ಲೈಫ್ ಜಾಕೆಟ್ ಸೀಟಿನ ಕೆಳಗೆ ಇಡುವ ಸಾಮಾನಲ್ಲ. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಕೆರೆಯಲ್ಲಿ ಸೊಂಟದವರೆಗಿನ ನೀರಿನಲ್ಲೊಮ್ಮೆ ಪ್ರಯತ್ನಿಸಿ. ಬೆಲ್ಟ್ ಬಿಗಿ ಇರಲಿ. ಭುಜದ ಹತ್ತಿರ ಹಿಡಿದು ಯಾರಾದರೂ ಮೇಲಕ್ಕೆ ಎಳೆದರೆ ಜಾಕೆಟ್ ಕಿವಿಗೆ ಬರಬಾರದು. "ನನಗೆ ಈಜು ಬರುತ್ತದೆ" ಎನ್ನುವವರಿಗೆ ಮೊದಲು ತೊಡಿಸಿ. ತಲೆಗೆ ಪೆಟ್ಟು ಬಿದ್ದವರಿಗೆ ಈಜು ಬರುವುದಿಲ್ಲ.

ಇಂಜಿನ್ ಹಿಡಿದವರ ಕೈಗೆ ಅಥವಾ ಕಾಲಿಗೆ ಸುರುಳಿ ಸುರುಳಿಯಾದ ಕೆಂಪು ಕಿಲ್ ಕಾರ್ಡ್ ಕಟ್ಟಿರಬೇಕು. ಅವರು ಬಿದ್ದರೆ ಅದು ಕಿತ್ತು ಇಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಯಾರೂ ಹಿಡಿಯದ ದೋಣಿ ಸುತ್ತು ತಿರುಗಿ ಬಿದ್ದವರ ಮೇಲೆಯೇ ಬರುತ್ತದೆ. ಇದು ಹೆದರಿಸಲು ಹೇಳುವ ಮಾತಲ್ಲ, ಔಟ್‌ಬೋರ್ಡ್ ದೋಣಿಯ ಸ್ವಭಾವವೇ ಹಾಗೆ.

ಭಾರ ತಳದಲ್ಲಿ, ಮಧ್ಯದಲ್ಲಿ ಇರಲಿ. ಜನ ಎದ್ದು ನಿಂತರೆ ದೋಣಿಯ ಭಾರ ಮೇಲಕ್ಕೇರುತ್ತದೆ. ಎಲ್ಲರೂ ಡಾಲ್ಫಿನ್ ನೋಡಲು ಒಂದೇ ಬದಿಗೆ ಓಡಿದರೆ ಮುಗಿಯಿತು. ತಳದಲ್ಲಿ ನಿಂತ ನೀರು ಇನ್ನೂ ಕೆಟ್ಟದ್ದು. ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ನೀರೂ ಓಡುತ್ತದೆ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಹಾಗಾಗಿ ಮೊಗೆಯುತ್ತಲೇ ಇರಿ.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. ಮಕ್ಕಳೂ ಸೇರಿ ಹದಿನೈದಕ್ಕೂ ಹೆಚ್ಚು ಮಂದಿ ತೀರಿಕೊಂಡರು. ದೋಣಿಯಲ್ಲಿ ಜನ ಜಾಸ್ತಿ ಇದ್ದರು ಎಂದು ಆಗ ವರದಿಯಾಗಿತ್ತು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ನಡೆದದ್ದು ಅದು. "ಇನ್ನೊಬ್ಬರು ಹತ್ತಲಿ ಬಿಡಿ" ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ದಿನದ ಪೇಪರ್ ನೆನಪಾಗುತ್ತದೆ.

ಚುಕ್ಕಾಣಿ ಹಿಡಿಯುವುದು

ಕಾರು ಮುಂದಿನ ಚಕ್ರದಿಂದ ತಿರುಗುತ್ತದೆ. ದೋಣಿ ಹಿಂಬದಿಯಿಂದ ತಿರುಗುತ್ತದೆ. ಇದೊಂದು ಮೈಗೆ ಹತ್ತಿದರೆ ಅರ್ಧ ಕಲಿತಂತೆ. ನೀವು ಮೂತಿಯನ್ನು ಎಡಕ್ಕೆ ತಿರುಗಿಸುತ್ತಿದ್ದೀರಿ ಎಂದುಕೊಂಡಿರುತ್ತೀರಿ. ನಿಜಕ್ಕೂ ನಡೆಯುವುದು ಹಿಂಬದಿ ಬಲಕ್ಕೆ ಜಾರುವುದು. ಮುಂದಕ್ಕೆ ಹೋಗುವಾಗ ದೋಣಿ ತಿರುಗುವ ಬಿಂದು ಮೂತಿಯಿಂದ ಸುಮಾರು ಮೂರನೇ ಒಂದು ಭಾಗ ಹಿಂದಿರುತ್ತದೆ. ಹಾಗಾಗಿ ಹಿಂಬದಿ ದೊಡ್ಡ ಸುತ್ತು ಹೊಡೆಯುತ್ತದೆ. ದಕ್ಕೆಯ ಪಕ್ಕದಿಂದ ಹೊರಡುವಾಗ ಮೂತಿಯನ್ನು ಹೊರಕ್ಕೆ ತಿರುಗಿಸಿದರೆ ಹಿಂಬದಿ ದಕ್ಕೆಗೆ ಬಡಿಯುವುದು ಇದೇ ಕಾರಣಕ್ಕೆ.

ಹ್ಯಾಂಡಲ್ ಹಿಡಿಯುವ ಇಂಜಿನ್ ಆದರೆ ಇನ್ನೊಂದು ಗೊಂದಲ. ಹ್ಯಾಂಡಲನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗುವಾಗ ಹ್ಯಾಂಡಲ್ ಬಲಕ್ಕಿದ್ದರೆ ಹಿಂಬದಿ ಎಡಕ್ಕೆ. ಇದನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಹಿನ್ನೀರಿನ ಮಧ್ಯೆ, ಯಾರೂ ಇಲ್ಲದ ಕಡೆ ಒಂದು ಗಂಟೆ ಎಂಟರ ಆಕಾರದಲ್ಲಿ ಸುತ್ತಿ. ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ.

ಆಮೇಲೆ ಒಂದು ಒಣ ತೆಂಗಿನಕಾಯಿ ನೀರಿಗೆ ಎಸೆಯಿರಿ. ನಿಧಾನವಾಗಿ ಅದರ ಹತ್ತಿರ ಬಂದು, ನ್ಯೂಟ್ರಲ್‌ಗೆ ಹಾಕಿ, ಕೈಗೆ ಸಿಗುವಷ್ಟು ದೂರದಲ್ಲಿ ದೋಣಿ ತಾನಾಗಿ ನಿಲ್ಲಬೇಕು. ಹತ್ತರಲ್ಲಿ ಎಂಟು ಸಲ ಆಗುವವರೆಗೆ ಬಿಡಬೇಡಿ. ಗಾಳಿಗೆ ಎದುರಾಗಿ ಬಂದರೆ ಹೇಗೆ, ಗಾಳಿಯ ಜತೆ ಬಂದರೆ ಹೇಗೆ ಎಂದು ನೋಡಿ. ಎದುರಾಗಿ ಬಂದರೆ ಗಾಳಿಯೇ ಬ್ರೇಕ್ ಆಗುತ್ತದೆ. ಜತೆಗೆ ಬಂದರೆ ಗಾಳಿ ಹಿಂದಿನಿಂದ ನೂಕುತ್ತದೆ.

ದಕ್ಕೆಗೆ ಕಟ್ಟುವುದೂ ಇದರದ್ದೇ ಮುಂದಿನ ಪಾಠ. ಮೊದಲು ದೂರದಲ್ಲಿ ನಿಂತು ನೋಡಿ: ಗಾಳಿ ಯಾವ ಕಡೆ, ನೀರಿನ ಸೆಳೆತ ಯಾವ ಕಡೆ. ಕಟ್ಟಿದ ಬೇರೆ ದೋಣಿಗಳ ಮೂತಿ, ತೇಲುವ ಕಸ, ಕಂಬದ ಸುತ್ತ ಏಳುವ ಸುಳಿ, ಎಲ್ಲವೂ ಹೇಳುತ್ತವೆ. ಎರಡರಲ್ಲಿ ಜೋರಾದದ್ದಕ್ಕೆ ಎದುರಾಗಿ ಬನ್ನಿ. ಹಗ್ಗ, ಪೆಟ್ಟು ತಡೆಯಲು ಬದಿಗೆ ಇಳಿಬಿಡುವ ಟೈರ್ ಮೊದಲೇ ಸಿದ್ಧ ಇರಲಿ. ದಕ್ಕೆಗೆ 20-30 ಡಿಗ್ರಿ ಓರೆಯಾಗಿ, ಬಡಿದರೂ ಏನೂ ಆಗದ ವೇಗದಲ್ಲಿ ಬನ್ನಿ. ಒಂದು ದೋಣಿಯಷ್ಟು ದೂರ ಇರುವಾಗ ಮೂತಿಯನ್ನು ಹೊರಕ್ಕೆ ತಿರುಗಿಸಿ, ಹಿಂಬದಿ ಒಳಕ್ಕೆ ಬರುತ್ತದೆ. ದೋಣಿ ದಕ್ಕೆಗೆ ಸಮನಾದಾಗ ಒಂದು ಕ್ಷಣ ರಿವರ್ಸ್ ಕೊಟ್ಟರೆ ನಿಲ್ಲುತ್ತದೆ. ಆಗ ಮೂತಿಯ ಹಗ್ಗ, ಆಮೇಲೆ ಹಿಂದಿನದು. ಸರಿ ಬರುತ್ತಿಲ್ಲ ಅನ್ನಿಸಿದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಬನ್ನಿ. ದಕ್ಕೆಯ ಮೇಲೆ ನಿಂತು ನೋಡುವವರು ನಗಲಿ ಬಿಡಿ.

ಒಂದು ಮಾತ್ರ ಎಂದೂ ಮಾಡಬೇಡಿ. ದೋಣಿಗೂ ದಕ್ಕೆಗೂ ನಡುವೆ ಕೈ, ಕಾಲು ಹಾಕಿ ತಡೆಯುವುದು. ದೋಣಿಗೆ ಪೆಟ್ಟಾದರೆ ಫೈಬರ್ ಮೆತ್ತಬಹುದು, ಮೂಳೆಗೆ ಅಷ್ಟು ಸುಲಭ ಇಲ್ಲ. ಹಗ್ಗದ ಸುರುಳಿಯೊಳಗೆ ನಿಲ್ಲುವುದೂ ಹಾಗೆಯೇ.

ಹಗ್ಗದ ನಾಲ್ಕು ಗಂಟು

ನಲವತ್ತು ಗಂಟು ಕಲಿಯಬೇಕಿಲ್ಲ. ಬಿಗಿಯದ, ಬಿಚ್ಚಲು ಸುಲಭವಾದ ಕುಣಿಕೆಗೆ ಬೋಲೈನ್. ಹಗ್ಗದ ತುದಿ ತೂತಿನಿಂದ ಜಾರದಂತೆ ಎಂಟರ ಆಕಾರದ ಗಂಟು. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸಲು ಶೀಟ್ ಬೆಂಡ್. ಹಗ್ಗ ಕಟ್ಟಲು ದೋಣಿಯಲ್ಲಿರುವ ಕೊಂಬಿಗೆ (ಕ್ಲೀಟ್) ಎಂಟೆಂಟಾಗಿ ಸುತ್ತಿ ಕಟ್ಟುವ ಬಗೆ. ಟಿವಿ ನೋಡುತ್ತಾ ಕಲಿಯಿರಿ, ಕಣ್ಣು ಮುಚ್ಚಿ ಹಾಕಲು ಬರಬೇಕು.

ಅಳಿವೆ ದಾಟುವುದು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಬಯಲು ಕಡಲಿಗಿಂತ ಅಪಾಯದ ಜಾಗ ಇದು.

ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಸೇರಿ ಪಂಚಗಂಗಾವಳಿಯಾಗಿ ಕಡಲಿಗೆ ಹೋಗುತ್ತವೆ. ಹೊನ್ನಾವರದಲ್ಲಿ ಶರಾವತಿ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ. ಎಲ್ಲ ಕಡೆ ಹೊಳೆ ಹೊತ್ತು ತಂದ ಹೂಳು, ಕಡಲು ತಳ್ಳಿದ ಮರಳು ಬಾಯಿಯಲ್ಲೇ ದಿಬ್ಬವಾಗುತ್ತದೆ. ದೂರದಿಂದ ಬರುವ ಅಲೆ ಆಳದಲ್ಲಿ ಸುಮ್ಮನೆ ಏರಿ ಇಳಿಯುತ್ತಿರುತ್ತದೆ. ಆಳ ಕಡಿಮೆಯಾದ ಕೂಡಲೇ ಅದರ ಕಾಲು ನೆಲಕ್ಕೆ ತಾಗಿದಂತಾಗುತ್ತದೆ. ಬುಡ ನಿಧಾನವಾಗಿ, ತಲೆ ಮುಂದೆ ಓಡಿ, ಎದ್ದು ಒಡೆಯುತ್ತದೆ. ಇಳಿತದ ಹೊತ್ತಲ್ಲಿ ಹೊಳೆಯ ನೀರು ಹೊರಗೆ ಓಡುತ್ತಿದ್ದರೆ ಆ ಅಲೆ ಇನ್ನೂ ಕಡಿದಾಗಿ ನಿಲ್ಲುತ್ತದೆ. ಅಳಿವೆಯಲ್ಲಿ ದೋಣಿ ಮಗುಚುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಹಾಗಾಗಿ ಮೊದಲ ನಿಯಮ, ದಾಟುವುದಿದ್ದರೆ ನೀರು ಏರುವ ಹೊತ್ತಲ್ಲಿ, ಭರತದ ತುದಿಗೆ ಹತ್ತಿರವಾಗಿ. ಎರಡನೆಯದು, ಊರಿನ ತಾಂಡೇಲರನ್ನು ಕೇಳದೆ ಹೋಗಬೇಡಿ. ಪ್ರತಿ ಮಳೆಗಾಲ ದಿಬ್ಬವನ್ನು ಆಚೀಚೆ ಮಾಡುತ್ತದೆ. ಕಳೆದ ವರ್ಷದ ಜಿಪಿಎಸ್ ದಾರಿ ಈ ವರ್ಷ ಮರಳಾಗಿರಬಹುದು.

ಹೊರಗೆ ಹೋಗುವಾಗ ಒಳಗಿನ ಶಾಂತ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿ. ಎಲ್ಲರ ಜಾಕೆಟ್ ಬಿಗಿ ಮಾಡಿಸಿ. ಅಲೆಗಳು ಗುಂಪಾಗಿ ಬರುತ್ತವೆ. ಕೆಲವು ದೊಡ್ಡವು, ಆಮೇಲೆ ಸ್ವಲ್ಪ ಬಿಡುವು. ಆ ಬಿಡುವು ಎಷ್ಟು ಹೊತ್ತು ಎಂದು ಎಣಿಸಿ. ನೊರೆ ಏಳದ ಪಟ್ಟಿ ಎಲ್ಲಿದೆ ನೋಡಿ, ಅಲ್ಲಿ ಆಳ ಇದೆ. ಹೊರಟ ಮೇಲೆ ಮೂತಿ ಅಲೆಗೆ ನೇರ. ಅಲೆಯ ಎದೆ ಹತ್ತಲು ಇಂಜಿನ್ ಕೊಡಿ, ತುದಿಗೆ ಬಂದಾಗ ಇಳಿಸಿ. ಇಳಿಸದಿದ್ದರೆ ದೋಣಿ ಗಾಳಿಗೆ ಹಾರಿ ಹಿಂದೆ ದಬ್ಬನೆ ಬೀಳುತ್ತದೆ. ಮಧ್ಯದಲ್ಲಿ ಮನಸ್ಸು ಬದಲಿಸಿ ತಿರುಗುವ ಹಾಗಿಲ್ಲ. ತಿರುಗುವಾಗ ದೋಣಿ ಅಲೆಗೆ ಅಡ್ಡವಾಗುತ್ತದೆ, ಅಡ್ಡವಾದ ದೋಣಿಯನ್ನು ಅಲೆ ಉರುಳಿಸುತ್ತದೆ.

ಒಳಗೆ ಬರುವುದು ಇನ್ನೂ ಕಷ್ಟ. ಏಕೆಂದರೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಒಡೆಯುವ ಮುಖ ಕಾಣುವುದಿಲ್ಲ. ಹೊರಗಿನಿಂದ ಎಲ್ಲ ಸಮಾಧಾನವಾಗಿಯೇ ಕಾಣಿಸುತ್ತದೆ, ಅದೇ ಮೋಸ. ಹೊರಗೆ ಕಾಯಿರಿ. ದೊಡ್ಡ ಗುಂಪಿನ ಕೊನೆಯ ಅಲೆಯನ್ನು ಮುಂದೆ ಬಿಟ್ಟು ಅದರ ಬೆನ್ನಿನ ಮೇಲೆ ಕೂತ ಹಾಗೆ ಬನ್ನಿ. ಅದನ್ನು ಹಿಂದಿಕ್ಕಬೇಡಿ. ಹಿಂದಿಕ್ಕಿದರೆ ಮೂತಿ ಕೆಳಕ್ಕೆ ಕುತ್ತಿ ಹಿಂಬದಿ ತಿರುಗಿಬಿಡುತ್ತದೆ. ತೀರಾ ಹಿಂದೆಯೂ ಉಳಿಯಬೇಡಿ, ಹಿಂದಿನ ಅಲೆ ಬಂದು ದೋಣಿ ತುಂಬಿಸುತ್ತದೆ. ಅಲೆಯ ವೇಗವೇ ನಿಮ್ಮ ವೇಗ.

ಅನುಮಾನ ಇದ್ದರೆ? ಹೊರಗೇ ಇರಿ. ನೀರು ಏರಲು ಎರಡು ಮೂರು ಗಂಟೆ ಕಾದರೆ ಏನೂ ನಷ್ಟ ಇಲ್ಲ. ಆ ಮೂರನೇ ಪಾಲು ಪೆಟ್ರೋಲ್ ಇದಕ್ಕೇ ಇಟ್ಟದ್ದು. ಅಥವಾ ಅಲೆ ತಡೆಗೋಡೆ ಇರುವ ಹತ್ತಿರದ ಬೇರೆ ಬಂದರಿಗೆ ಹೋಗಿ.

ಎದುರಿಗೆ ದೋಣಿ ಬಂದರೆ

ರಸ್ತೆಯಲ್ಲಿ ನಾವು ಎಡಕ್ಕೆ ಹೋಗುವವರು. ಕಡಲಲ್ಲಿ ಉಲ್ಟಾ. ಎರಡು ಮೋಟಾರ್ ದೋಣಿ ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮ ಇದು. ಗಾಬರಿಯಲ್ಲಿ ನಮ್ಮ ಕೈ ಎಡಕ್ಕೇ ಹೋಗುತ್ತದೆ, ಅಲ್ವಾ? ಅದಕ್ಕೆ ಇದನ್ನು ಅಭ್ಯಾಸದಿಂದಲೇ ಕಲಿಯಬೇಕು.

ಅಡ್ಡ ಬರುವ ಮೋಟಾರ್ ದೋಣಿ ನಿಮ್ಮ ಬಲಗಡೆ ಇದ್ದರೆ ನೀವು ದಾರಿ ಬಿಡಬೇಕು. ಎಡಗಡೆ ಇದ್ದರೆ ಅವರು ಬಿಡಬೇಕು. ಆದರೂ ಬಿಡುತ್ತಾರೆ ಎಂದು ಕಣ್ಣು ಮುಚ್ಚಿ ಹೋಗುವುದಲ್ಲ. ಹಿಂದಿನಿಂದ ಬಂದು ದಾಟುವವರು ಯಾರೇ ಆಗಲಿ, ತಪ್ಪಿಸಿಕೊಂಡು ಹೋಗುವುದು ಅವರ ಹೊಣೆ. ಬಲೆ ಬಿಟ್ಟ ದೋಣಿಗೆ ನೀವು ದಾರಿ ಬಿಡಬೇಕು. ಟ್ರಾಲರ್‌ನ ಹಿಂದೆ ನೂರಾರು ಮೀಟರ್ ಬಲೆ ಇರಬಹುದು, ಹತ್ತಿರದಲ್ಲಿ ಹಿಂದೆ ದಾಟಿದರೆ ನಿಮ್ಮ ಇಂಜಿನ್ನಿನ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿಕೊಳ್ಳುತ್ತದೆ.

ಡಿಕ್ಕಿಯಾಗುತ್ತದಾ ಎಂದು ತಿಳಿಯಲು ಹಳೆಯ ಉಪಾಯ ಒಂದಿದೆ. ನಿಮ್ಮ ದಾರಿ, ವೇಗ ಬದಲಿಸದೆ, ಕೂತ ಜಾಗ ಬದಲಿಸದೆ, ದೋಣಿಯ ಯಾವುದಾದರೂ ಕಂಬದ ನೇರಕ್ಕೆ ಆ ದೋಣಿಯನ್ನು ನೋಡಿ. ಒಂದು ನಿಮಿಷದ ಮೇಲೂ ಅದೇ ನೇರದಲ್ಲಿದ್ದು, ಗಾತ್ರ ಮಾತ್ರ ದೊಡ್ಡದಾಗುತ್ತಿದ್ದರೆ ಡಿಕ್ಕಿ ಆಗುವುದೇ. ಆಗ ಬೇಗ, ಎದ್ದು ಕಾಣುವ ಹಾಗೆ ತಿರುಗಿ. ಸ್ವಲ್ಪ ಸ್ವಲ್ಪವೇ ತಿರುಗಿದರೆ ಎದುರಿನವರಿಗೆ ಗೊತ್ತೇ ಆಗುವುದಿಲ್ಲ.

ಪಣಂಬೂರಿನ ನವಮಂಗಳೂರು ಬಂದರಿನ ಹೊರಗೆ ದೊಡ್ಡ ಹಡಗುಗಳು ನಿಂತಿರುತ್ತವೆ, ಬಂದು ಹೋಗುತ್ತಿರುತ್ತವೆ. ಅವುಗಳ ಹತ್ತಿರ ಹಕ್ಕಿನ ಮಾತು ಬೇಡ. ಪೂರ್ತಿ ರಿವರ್ಸ್ ಕೊಟ್ಟರೆ ಹಡಗು ತನ್ನ ಉದ್ದದ 15 ಪಟ್ಟು ದೂರದೊಳಗೆ ನಿಲ್ಲಬೇಕು ಎನ್ನುವುದು ಅಂತರರಾಷ್ಟ್ರೀಯ ಮಾನದಂಡ. ಅಂದರೆ 200 ಮೀಟರ್ ಹಡಗಿಗೆ 3 ಕಿಲೋಮೀಟರ್ ಬೇಕಾಗಬಹುದು. ಮೂತಿಯ ಮುಂದೆ 500 ಮೀಟರ್‌ವರೆಗೂ ಅವರಿಗೆ ನೀರು ಕಾಣದೆ ಇರಬಹುದು, ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಕ್ಯಾಪ್ಟನ್ ಒಳ್ಳೆಯವರೇ ಇರಬಹುದು, ನಿಮ್ಮನ್ನು ನೋಡಿದರೆ ತಾನೆ!

ರಾತ್ರಿ ಪ್ರಯಾಣ ಮೊದಲ ವರ್ಷ ಬೇಡ. ಆದರೂ ದೀಪ ಓದಲು ಬರಬೇಕು, ಕೆಲವೊಮ್ಮೆ ಬೇಡವೆಂದರೂ ಕತ್ತಲಾಗುತ್ತದೆ. ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ನಿಮ್ಮ ಕಡೆಗೇ ಬರುತ್ತಿದೆ. ಬರೀ ಬಿಳಿ ಕಂಡರೆ ಅದರ ಹಿಂಬದಿ ನೋಡುತ್ತಿದ್ದೀರಿ, ಇಲ್ಲವೇ ಅದು ಲಂಗರು ಹಾಕಿದೆ. ಹಸಿರಿನ ಕೆಳಗೆ ಬಿಳಿ ಇದ್ದರೆ ಟ್ರಾಲಿಂಗ್, ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಗೆಯ ಮೀನುಗಾರಿಕೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಎಷ್ಟೋ ಬೋಟುಗಳ ಕೆಲಸದ ದೀಪದ ಬೆಳಕಿಗೆ ಈ ಬಣ್ಣಗಳು ಕಾಣುವುದೇ ಇಲ್ಲ. ಆಗ ದೂರವೇ ಉಪಾಯ.

ಬಂದರಿಗೆ ಬರುವಾಗ ದಾರಿ ತೋರಿಸಲು ತೇಲಿಬಿಟ್ಟ ಬೋಯಾಗಳಲ್ಲಿ ಕೆಂಪು ನಿಮ್ಮ ಎಡಕ್ಕೆ, ಹಸಿರು ಬಲಕ್ಕೆ. ಭಾರತದಲ್ಲಿ ಹೀಗೆ. ಅಮೆರಿಕದಲ್ಲಿ ಇದಕ್ಕೆ ವಿರುದ್ಧ. ಅಲ್ಲಿರುವ ಕನ್ನಡಿಗರು ಅಲ್ಲಿ ಕಲಿತು ಊರಿಗೆ ಬಂದು ದೋಣಿ ಹತ್ತಿದರೆ ಇದೊಂದು ನೆನಪಿರಲಿ.

ದಾರಿ ತಪ್ಪಿದರೆ

ನಮ್ಮ ಕರಾವಳಿಯಲ್ಲಿ ಒಂದು ಅನುಕೂಲ. ಪೂರ್ವಕ್ಕೆ ಹೋದರೆ ನೆಲ ಸಿಕ್ಕೇ ಸಿಗುತ್ತದೆ. ಮೊಬೈಲ್ ಸತ್ತರೂ ಒಂದು ಚಿಕ್ಕ ದಿಕ್ಸೂಚಿ ಸಾಕು. ಅದರ ಹತ್ತಿರ ಮೊಬೈಲ್, ಸ್ಪೀಕರ್, ಕಬ್ಬಿಣ ಇಡಬೇಡಿ, ಮುಳ್ಳು ತಿರುಗುತ್ತದೆ. ಕಡಲಿನ ಒಂದು ಮೈಲಿ ಎಂದರೆ 1852 ಮೀಟರ್, ನಕ್ಷೆಯಲ್ಲಿ ಅಕ್ಷಾಂಶದ ಒಂದು ನಿಮಿಷಕ್ಕೆ ಸರಿಸಮ. ಕಾಪುವಿನಲ್ಲಿರುವಂಥ ದೀಪಸ್ತಂಭಗಳು ಪ್ರತಿಯೊಂದೂ ತನ್ನದೇ ಲಯದಲ್ಲಿ ಮಿನುಗುತ್ತವೆ. ಎಷ್ಟು ಸೆಕೆಂಡಿಗೊಮ್ಮೆ ಎಂದು ಎಣಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಆದರೆ ನೆಲ ಕಂಡಿತೆಂದು ನುಗ್ಗಬೇಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಸುತ್ತ ಇರುವಂಥ ಬಂಡೆಗಳು ನೀರಿನಡಿ ಕಾಯುತ್ತಿರುತ್ತವೆ.

ಲಂಗರು

ದೋಣಿಯನ್ನು ಹಿಡಿದಿಡುವುದು ಲಂಗರಿನ ಭಾರ ಮಾತ್ರ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಎಳೆತ ನೆಲಕ್ಕೆ ಹತ್ತಿರವಾಗಿ ಅಡ್ಡಕ್ಕೆ ಬಂದರೆ ಮಾತ್ರ ಅದರ ಕೊಕ್ಕೆ ಮಣ್ಣಿಗೆ ಕಚ್ಚುತ್ತದೆ. ಅದಕ್ಕೆ ಉದ್ದ ಹಗ್ಗ ಬೇಕು. 5 ಮೀಟರ್ ಆಳ, ಮೂತಿ ನೀರಿನಿಂದ 1 ಮೀಟರ್ ಮೇಲೆ ಇದ್ದರೆ ಒಟ್ಟು 6. ಅದರ ಏಳು ಪಟ್ಟು, ಅಂದರೆ 42 ಮೀಟರ್ ಹಗ್ಗ ಬಿಡಿ. ಗಾಳಿ ಇಲ್ಲದಿದ್ದರೆ ಐದು ಪಟ್ಟು ಸಾಕು. ಭರತದಲ್ಲಿ ನೀರು ಏರುವುದನ್ನೂ ಲೆಕ್ಕ ಹಾಕಿ. ಲಂಗರಿನ ತುದಿಗೆ ಕೆಲವು ಮೀಟರ್ ಸರಪಳಿ ಇದ್ದರೆ ಇನ್ನೂ ಒಳ್ಳೆಯದು.

ಕಟ್ಟುವುದು ಯಾವಾಗಲೂ ಮೂತಿಗೆ. ಹಿಂಬದಿಗೆ ಕಟ್ಟಿದರೆ ಇಂಜಿನ್ನಿನ ಭಾರ ಇರುವ ತಗ್ಗು ಭಾಗವೇ ಅಲೆಗೆ ಎದುರಾಗಿ ನೀರು ಒಳಗೆ ಬರುತ್ತದೆ. ಲಂಗರು ಜಾರುತ್ತಿದೆಯಾ ಎಂದು ನೋಡಲು ದಡದ ಎರಡು ವಸ್ತುಗಳನ್ನು ಒಂದರ ಹಿಂದೆ ಒಂದು ಬರುವಂತೆ ಹಿಡಿಯಿರಿ, ತೆಂಗಿನ ಮರ ಮತ್ತು ಅದರ ಹಿಂದಿನ ಮೊಬೈಲ್ ಟವರ್ ಅನ್ನಿ. ಎರಡೂ ಬೇರೆಯಾಗುತ್ತಾ ಹೋದರೆ ನೀವು ಜಾರುತ್ತಿದ್ದೀರಿ.

ಯಾರಾದರೂ ಬಿದ್ದರೆ

ಕೂಗಿ. ಒಬ್ಬರು ಕಣ್ಣು ತೆಗೆಯದೆ ಬಿದ್ದವರ ಕಡೆ ಬೆರಳು ತೋರಿಸುತ್ತಲೇ ಇರಬೇಕು, ಅವರಿಗೆ ಬೇರೆ ಕೆಲಸ ಇಲ್ಲ. ಅಲೆಗಳ ನಡುವೆ ತಲೆ ತೆಂಗಿನಕಾಯಿಯಷ್ಟೇ ಕಾಣುವುದು. ತೇಲುವುದು ಏನಿದ್ದರೂ ಎಸೆಯಿರಿ. ಅವರು ಬಿದ್ದ ಬದಿಗೇ ಮೂತಿ ತಿರುಗಿಸಿ ನ್ಯೂಟ್ರಲ್‌ಗೆ ಹಾಕಿ. ಮೇಲೆ ಹೇಳಿದೆನಲ್ಲ, ಹಿಂಬದಿ ಆಚೆಗೆ ಜಾರುತ್ತದೆ. ಅದರ ಜತೆ ಫ್ಯಾನೂ ಅವರಿಂದ ದೂರ ಹೋಗುತ್ತದೆ. ಸುತ್ತಿ ಬಂದು ಗಾಳಿಗೆ ಎದುರಾಗಿ ನಿಧಾನವಾಗಿ ಹತ್ತಿರ ಹೋಗಿ. ಪಕ್ಕಕ್ಕೆ ಬಂದ ಕೂಡಲೇ ಇಂಜಿನ್ ಪೂರ್ತಿ ಆಫ್ ಮಾಡಿ. ಬರೀ ನ್ಯೂಟ್ರಲ್ ಸಾಲದು. ನೆನೆದ ಮನುಷ್ಯನನ್ನು ಎತ್ತುವುದು ಬಲು ಕಷ್ಟ. ಹಗ್ಗದ ಎರಡು ತುದಿ ದೋಣಿಗೆ ಕಟ್ಟಿ, ಮಧ್ಯದ ಕುಣಿಕೆ ನೀರಿಗೆ ಬಿಟ್ಟರೆ ಕಾಲಿಡಲು ಮೆಟ್ಟಿಲಾಗುತ್ತದೆ. ತೆಂಗಿನಕಾಯಿ ಅಭ್ಯಾಸ ಮಾಡಿಸಿದ್ದು ಇದಕ್ಕೇ.

ಸಹಾಯ ಕೇಳುವುದು

ವಿಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 16. ಒತ್ತಿ ಮಾತಾಡಿ, ಬಿಟ್ಟು ಕೇಳಿ. "ಮೇಡೇ, ಮೇಡೇ, ಮೇಡೇ" ಎಂದು ಮೂರು ಸಲ, ದೋಣಿಯ ಹೆಸರು, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ ಇದ್ದೀರಿ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಮೇಡೇ. ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸ್ 1093. ಮೊಬೈಲನ್ನು ನೀರು ಹೋಗದ ಚೀಲದಲ್ಲಿಟ್ಟು ಕುತ್ತಿಗೆಗೆ ಹಾಕಿಕೊಳ್ಳಿ. ದೂರ ಹೋಗುವ ಮೀನುಗಾರರಿಗೆ ಇಸ್ರೋ ಅಭಿವೃದ್ಧಿಪಡಿಸಿದ ಡ್ಯಾಟ್ ಎಂಬ ಉಪಕರಣ ಇದೆ, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್‌ಗೆ ಸುದ್ದಿ ಮುಟ್ಟುತ್ತದೆ.

ದೋಣಿ ಮಗುಚಿದರೆ ಅದನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಾಣುತ್ತದೆ ಎಂದು ಈಜಿ ಹೋಗಬೇಡಿ. ಹುಡುಕುವವರಿಗೆ ದೋಣಿ ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ.

ಎಲ್ಲಿ ಕಲಿಯಬಹುದು

ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಮೋಟಾರ್ ದೋಣಿ ನಡೆಸುವುದು, ಜೀವರಕ್ಷಣೆ ಕಲಿಸುತ್ತಾರೆ. ಮೀನುಗಾರಿಕೆ ಬೋಟಿನ ಸ್ಕಿಪ್ಪರ್ ಆಗಬೇಕಾದರೆ ಕೊಚ್ಚಿಯಲ್ಲಿರುವ ಕೇಂದ್ರದ ಮೀನುಗಾರಿಕೆ ತರಬೇತಿ ಸಂಸ್ಥೆ ಸಿಫ್ನೆಟ್. ಮರ್ಚೆಂಟ್ ನೇವಿಗೆ ಹೋಗುವವರಿಗೆ ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಬದುಕುಳಿಯುವ ವಿಧಾನ, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ ಇವೆಲ್ಲ ಕಡ್ಡಾಯ. ಸುಮ್ನೆ ಖುಷಿಗೆ ಕಲಿಯುವವರೂ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ಕಲಿತಿದ್ದರೆ ಒಳ್ಳೆಯದು.

ವಾಪಸ್ ಬಂದ ಮೇಲೆ

ಇಂಜಿನ್ನಿಗೆ ಸಿಹಿನೀರು ಹಾಯಿಸಿ ಹತ್ತು ನಿಮಿಷ ಓಡಿಸಿ, ಉಪ್ಪು ಒಳಗೆ ಕೂತರೆ ನೀರಿನ ದಾರಿ ಕಟ್ಟಿಕೊಳ್ಳುತ್ತದೆ. ಹಗ್ಗ, ಜಾಕೆಟ್ ತೊಳೆದು ನೆರಳಲ್ಲಿ ಒಣಗಿಸಿ. ಟ್ಯಾಂಕಿನ ತಿರುಪು ಮುಚ್ಚಿ. ಆಮೇಲೆ, ಚಹಾ ಕುಡಿಯುವ ಮುಂಚೆ, ಚೀಟಿ ಯಾರ ಕೈಗೆ ಕೊಟ್ಟಿದ್ದಿರೋ ಅವರಿಗೆ ಫೋನ್ ಮಾಡಿ "ಬಂದೆವು" ಎನ್ನಿ. ನಾನೊಮ್ಮೆ ಮರೆತು ಮನೆಗೆ ಹೋಗಿ ಮಲಗಿದ್ದೆ. ಮಾವ ರಾತ್ರಿ ಟಾರ್ಚ್ ಹಿಡಿದು ದಕ್ಕೆಯಲ್ಲಿ ಕಾಯುತ್ತಿದ್ದರಂತೆ.